ಇಲ್ಲದ ಹೆಸರಿಗೆ ಕೆಂಪು ಗೆರೆ

ಬಹಳ ದಿನವಾಯಿತು ಏನನ್ನೂ ಬರೆಯದೆ. ಬ್ಯಾಂಕಿನವನಿಗೆ ಬರೆಯುವ ಪುರುಸೊತ್ತು ಎಲ್ಲಿರುತ್ತದೆ ಹೇಳಿ. ಆದರೆ ಮೊನ್ನೆ ಶನಿವಾರ ಮನೆಯಲ್ಲಿ ನಡೆದದ್ದನ್ನು ಬರೆಯದಿದ್ದರೆ ನನಗೇ ನಿದ್ದೆ ಬರುವ ಹಾಗಿಲ್ಲ. ವಿಷಯ ಕಂಪ್ಯೂಟರಿನದು. ನಾನೋ ಬಿ.ಕಾಂ. ಮಾಡಿ, ಲೆಡ್ಜರು ಹೊತ್ತು ದೊಡ್ಡವನಾದವನು. ಮಗಳು ಹೇಳಿಕೊಟ್ಟದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತಿದ್ದೇನೆ. ಕಂಪ್ಯೂಟರಿನವರು ಓದುವಾಗ ನಗಬೇಡಿ.

ಮಗಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ತಿಂಗಳಿಗೆ ಎರಡು ಸಲ ರೈಲು ಹತ್ತಿ ಕಲ್ಯಾಣದಲ್ಲಿ ಇಳಿದು, ಅಲ್ಲಿಂದ ಲೋಕಲ್ ಹಿಡಿದು ಡೊಂಬಿವಲಿಯ ನಮ್ಮ ಮನೆಗೆ ಬರುತ್ತಾಳೆ. ಬಂದವಳು ಅಮ್ಮನ ನೀರುದೋಸೆ ತಿಂದು ಮಧ್ಯಾಹ್ನದವರೆಗೆ ಮಲಗುವುದು ವಾಡಿಕೆ. ಈ ಸಲ ಮಲಗಲಿಲ್ಲ. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದಳು, ಅದರ ಹಿಂದೆಯೇ ಒಂದು ಕಾಗದದ ಕಟ್ಟು.

"ಎಂತ ಮಾರಾಯ್ತಿ ಇದು? ನಿಮ್ಮಲ್ಲೂ ಕಾಗದ ಉಂಟಾ?" ಎಂದೆ.

"ನಮ್ಮ ಡ್ರೈವರಿನ ಕೈಪಿಡಿ ಪಪ್ಪಾ. ಇದರಲ್ಲಿ ಸತ್ತುಹೋದ ಹೆಸರುಗಳು ತುಂಬ ಇವೆ. ತೆಗೀಬೇಕು."

ಸತ್ತವರ ಹೆಸರು ತೆಗೆಯುವುದೆಂದರೆ ನನ್ನ ತಲೆಗೆ ಬರುವುದು ಒಂದೇ, ಡಿಸೀಸ್ಡ್ ಕ್ಲೇಮು. ತಮಾಷೆಗೆ ಹಾಗೆಂದೆ. ಅವಳು ನಕ್ಕಳು. ಆದರೆ ಸಂಜೆಯ ಹೊತ್ತಿಗೆ ಅದು ನನಗೆ ತಮಾಷೆಯಾಗಿ ಉಳಿದಿರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಡ್ರೈವರ್ ಎಂದರೇನು ಅಂತ ಕೇಳಿಕೊಂಡೆ. ಕಂಪ್ಯೂಟರಿಗೂ ಅದಕ್ಕೆ ಸಿಕ್ಕಿಸಿದ ಡಿಸ್ಕಿಗೂ ನಡುವೆ ಮಾತು ನಡೆಸಿಕೊಡುವ ದುಭಾಷಿ ಅದು. ಇವಳ ಕಂಪೆನಿ ದೊಡ್ಡ ದೊಡ್ಡ ಡಿಸ್ಕು ಪೆಟ್ಟಿಗೆಗಳನ್ನು ಜೋಡಿಸುವ ಕಾರ್ಡು ಮಾಡುತ್ತದೆ. ಆ ಕಾರ್ಡಿಗೆ ಲಿನಕ್ಸ್‌ನಲ್ಲಿ ಡ್ರೈವರ್ ಬೇಕು. ಲಿನಕ್ಸ್ 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಶುರು ಮಾಡಿದ್ದು, ಅದು ನಿಮಗೆ ಗೊತ್ತೇ ಇರುತ್ತದೆ. ಅದರೊಳಗೆ ಡಿಸ್ಕುಗಳ ವ್ಯವಹಾರ ನೋಡುವ ಒಂದು ವಿಭಾಗದ ಹೆಸರು ಸ್ಕಸಿ. ಸ್ಕಸಿ ಎಂಬ ಪದ್ಧತಿ 1986ರಲ್ಲೇ ಅಮೆರಿಕದಲ್ಲಿ ಮಾನಕವಾಯಿತಂತೆ. ಹಳೆಯ ಪದ್ಧತಿಯಾದರೂ ಇವತ್ತು ನಾವು ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸುವ ಪೆನ್‌ಡ್ರೈವ್ ಕೂಡ ಅದೇ ವಿಭಾಗದ ಮೂಲಕ ಹಾದುಹೋಗುತ್ತದೆ ಎಂದಳು. ನಮ್ಮಲ್ಲಿ ಎಷ್ಟು ಹೊಸ ಸ್ಕೀಮು ಬಂದರೂ ಕೊನೆಗೆ ಕ್ಯಾಶ್ ಕೌಂಟರಿಗೇ ಬರಬೇಕಲ್ಲ, ಹಾಗೆ ಅಂದುಕೊಂಡೆ.

ಇನ್ನು ಫಂಕ್ಷನ್. ಅದು ಒಂದು ಕೆಲಸಕ್ಕೆ ಇಟ್ಟ ಹೆಸರು. ಆ ಹೆಸರಿನಿಂದ ಕರೆದು, ಕೇಳಿದಷ್ಟು ವಿವರ ಕೊಟ್ಟರೆ ಆ ಕೆಲಸ ಆಗುತ್ತದೆ. ಡಿಸ್ಕಿಗೆ ಒಂದೇ ಹೊತ್ತಿಗೆ ಎಷ್ಟು ಕೆಲಸಗಳನ್ನು ಸರದಿಯಲ್ಲಿ ಕಳಿಸಿಡಬಹುದು ಎಂದು ಗೊತ್ತುಮಾಡುವ ಒಂದು ಫಂಕ್ಷನ್ ಇತ್ತು. ಅದರ ಹೆಸರು ಸ್ಕಸಿ ಅಡ್ಜಸ್ಟ್ ಕ್ಯೂ ಡೆಪ್ತ್. ಕ್ಯಾಶಿಯರ್ ಎದುರಿಗೆ ಒಮ್ಮೆಗೆ ಎಷ್ಟು ಟೋಕನ್ ಕೊಡಬಹುದು ಎಂದ ಹಾಗೆ. 2014ರ ಕೊನೆಗೆ ಅದರ ಹೆಸರು ಬದಲಾಗಿ ಸ್ಕಸಿ ಚೇಂಜ್ ಕ್ಯೂ ಡೆಪ್ತ್ ಆಯಿತು. ಬರೀ ಹೆಸರಲ್ಲ, ಹಳೆಯದಕ್ಕೆ ಮೂರು ವಿವರ ಕೊಡಬೇಕಿತ್ತು, ಹೊಸದಕ್ಕೆ ಎರಡೇ ಸಾಕು. ಆ ಬದಲಾವಣೆ ಇದ್ದ ಲಿನಕ್ಸ್ 3.19 ಬಂದದ್ದು 2015ರ ಫೆಬ್ರವರಿಯಲ್ಲಿ. ಇವರ ಕೈಪಿಡಿಯಲ್ಲಿ ಮಾತ್ರ ಇನ್ನೂ ಹಳೆಯ ಹೆಸರು, ಹಳೆಯ ಮೂರು ವಿವರ!

ಇನ್ನೊಂದು ಹೆಸರು ಹೇಳಿದಳು, ಸ್ಲೇವ್ ಕಾನ್ಫಿಗರ್. ಸ್ಲೇವ್ ಎಂದರೆ ಗುಲಾಮ. ಹೊಸದಾಗಿ ಬರೆಯುವಾಗ ಇಂಥ ಪದಗಳನ್ನು ಬಿಡಿ ಎಂದು 2020ರಲ್ಲಿ ಲಿನಕ್ಸಿನವರು ತಮ್ಮ ನಿಯಮಗಳಲ್ಲಿ ಸೇರಿಸಿಕೊಂಡರು. ಸ್ಕಸಿ ವಿಭಾಗದ ಈ ಹಳೆಯ ಹೆಸರು ಎಸ್‌ಡೆವ್ ಕಾನ್ಫಿಗರ್ ಎಂದು ಬದಲಾಗಿ 2025ರ ಮಾರ್ಚ್‌ನ 6.14ನೇ ಆವೃತ್ತಿಯಲ್ಲಿ ಬಂತು. ಅದೂ ಕೈಪಿಡಿಗೆ ಗೊತ್ತಿಲ್ಲ.

"ಅಷ್ಟಕ್ಕೆ ಯಾಕೆ ತಲೆಬಿಸಿ? ಹೊಸದನ್ನು ಕೆಳಗೆ ಸೇರಿಸಿದರಾಯಿತು" ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅವರ ಆಫೀಸಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗನ ಕಥೆ ಹೇಳಿದಳು. ಸಣ್ಣ ಊರಿನ ಹುಡುಗ, ಮಾತು ಕಡಿಮೆ. ಕೈಪಿಡಿ ಕೊಟ್ಟು ಇದನ್ನು ನೋಡಿಕೊಂಡು ಇಷ್ಟು ಬರೆ ಅಂತ ಕೂರಿಸಿದರು. ಅವನು ಕೈಪಿಡಿಯಲ್ಲಿದ್ದ ಹಾಗೆ ಅಕ್ಷರ ಬಿಡದೆ ಬರೆದ. ಕಂಪ್ಯೂಟರ್ "ಇಂಥ ಹೆಸರೇ ಇಲ್ಲ" ಎಂದಿತು. ಎಲ್ಲೋ ಅಕ್ಷರ ತಪ್ಪಿರಬೇಕೆಂದು ಮತ್ತೆ ಬರೆದ. ಮತ್ತೆ ಇಲ್ಲ. ಎರಡು ದಿನ ಹೀಗೇ. ಯಾರನ್ನೂ ಕೇಳಲಿಲ್ಲ. ಎರಡನೆಯ ದಿನ ರಾತ್ರಿ ಎಂಟು ಗಂಟೆಗೂ ಕೂತಿದ್ದವನನ್ನು ಇವಳೇ ಹೋಗಿ ವಿಚಾರಿಸಿದಾಗ ಅವನ ಕಣ್ಣು ಕೆಂಪಾಗಿತ್ತಂತೆ.

"ಯಾಕೆ ಕೇಳಲಿಲ್ಲ ಅಂದೆ ಪಪ್ಪಾ. ಪುಸ್ತಕ ತಪ್ಪಿರ್ಲಿಕ್ಕಿಲ್ಲ, ನಾನೇ ತಪ್ಪಿರಬೇಕು ಅಂದ್ಕೊಂಡೆ ಅಂತ ಹೇಳಿದ. ಆ ಹೆಸರು ಈಗ ಇಲ್ಲ ಅಂತ ನನಗೆ ಮೂರು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ತೆಗೀಲಿಲ್ಲ. ನನಗೆ ಗೊತ್ತಲ್ಲ, ನಾನು ಆ ಪುಟ ಹಾರಿಸಿ ಓದ್ತಿದ್ದೆ."

ನಾನು ಮಾತಾಡಲಿಲ್ಲ. ಪುಸ್ತಕ ತಪ್ಪಿರಲಿಕ್ಕಿಲ್ಲ, ನಾನೇ ತಪ್ಪಿರಬೇಕು... ಈ ಮಾತನ್ನು ಎಲ್ಲೋ ಕೇಳಿದ ಹಾಗಿತ್ತು.

ಊಟವಾದ ಮೇಲೆ ಇಬ್ಬರೂ ಡೈನಿಂಗ್ ಟೇಬಲ್ಲಿಗೆ ಕೂತೆವು. ಹಿಂದೆ ಬ್ಯಾಂಕಿನಲ್ಲಿ ಲೆಡ್ಜರು ತಾಳೆ ನೋಡುವಾಗ ಒಬ್ಬ ಕೂಗುವುದು, ಇನ್ನೊಬ್ಬ ಟಿಕ್ ಹಾಕುವುದು ಇತ್ತು. ಹಳಬರಿಗೆ ನೆನಪಿರಬಹುದು. ಹಾಗೇ ಮಾಡೋಣ ಎಂದೆ. ನಾನು ಪ್ರಿಂಟ್ ನೋಡಿ ಹೆಸರು ಕೂಗುವುದು. ಅವಳು ಅದನ್ನು ಲಿನಕ್ಸಿನ ಪೂರಾ ಪ್ರೋಗ್ರಾಮಿನಲ್ಲಿ ಹುಡುಕುವುದು. ಇದ್ದರೆ ನಾನು ನೀಲಿ ಟಿಕ್ ಹಾಕಬೇಕು, ಇಲ್ಲದಿದ್ದರೆ ಕೆಂಪು ಗೆರೆ ಎಳೆಯಬೇಕು. ಕೋಟಿಗಟ್ಟಲೆ ಸಾಲುಗಳ ಪ್ರೋಗ್ರಾಮು ಅದು, ಆದರೆ ಹುಡುಕಲು ಅರೆಗಳಿಗೆ ಸಾಕು. ನನ್ನ ಹೆಂಡತಿ ಅಕ್ಕಿ ಆರಿಸುತ್ತಾ, "ಅಪ್ಪ ಮಗಳಿಗೆ ರಜೆಯ ದಿನವೂ ಬೇರೆ ಕೆಲಸ ಇಲ್ಲ" ಎಂದಳು.

ಏಳೆಂಟು ಹೆಸರಾಗುವಷ್ಟರಲ್ಲಿ ನನಗೆ ಹುಮ್ಮಸ್ಸು ಬಂತು. ಒಂದು ಹೆಸರಿಗೆ ಅವಳು "ಸಿಗಲಿಲ್ಲ" ಅಂದದ್ದೇ ತಡ, ಗೆರೆ ಎಳೆಯಲು ಹೊರಟೆ. "ನಿಲ್ಲಿ ನಿಲ್ಲಿ!" ಎಂದು ಕೈ ಹಿಡಿದಳು. ಕೆಲವು ಹೆಸರುಗಳನ್ನು ಪೂರ್ತಿಯಾಗಿ ಎಲ್ಲೂ ಬರೆದಿರುವುದಿಲ್ಲವಂತೆ. ಎರಡು ತುಂಡುಗಳನ್ನು ಪ್ರೋಗ್ರಾಮೇ ಜೋಡಿಸಿ ಹೆಸರು ಮಾಡಿಕೊಳ್ಳುತ್ತದೆ. ಹುಡುಕಿದರೆ ಸಿಗದು, ಆದರೆ ಜೀವಂತ ಇರುತ್ತದೆ. ಈ ಹೆಸರು ಅಂಥದ್ದು.

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ಇನಾಪರೇಟಿವ್ ಆಗುತ್ತದೆ. ಹತ್ತು ವರ್ಷ ಕಳೆದರೆ ಅದರ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೂ ಖಾತೆದಾರ ಬಂದು ಕೇಳಿದರೆ ಕೊಡಲೇಬೇಕು. ಸದ್ದಿಲ್ಲದ್ದೆಲ್ಲ ಸತ್ತದ್ದಲ್ಲ. ತೆಗೆಯುವವನು ಸೇರಿಸುವವನಿಗಿಂತ ಹೆಚ್ಚು ನೋಡಬೇಕು.

ಕೊನೆಗೆ ಮೂರು ಪಟ್ಟಿಯಾಯಿತು. ಪೂರ್ತಿ ಹೋದವು, ಹೆಸರು ಬದಲಾದವು, ಇನ್ನೂ ಇರುವವು. ಮೊದಲನೆಯದನ್ನು ತೆಗೆಯಬೇಕು, ಎರಡನೆಯದನ್ನು ತಿದ್ದಬೇಕು, ಮೂರನೆಯದನ್ನು ಮುಟ್ಟಬಾರದು.

"ನಿಮ್ಮ ದೊಡ್ಡವರು ಏನಂತಾರೆ?" ಎಂದು ಕೇಳಿದೆ.

"ಇರ್ಲಿ ಬಿಡು, ಹಳೇ ಗಿರಾಕಿಗಳಿಗೆ ಬೇಕಾದೀತು ಅಂತಾರೆ. ಅದು ಪೂರ್ತಿ ಸುಳ್ಳೂ ಅಲ್ಲ ಪಪ್ಪಾ. ಹಳೇ ಲಿನಕ್ಸ್ ಇಟ್ಕೊಂಡವರು ಇದ್ದಾರೆ. ಆದರೆ ಅವರಿಗೆ ಹಳೇ ಡ್ರೈವರಿನ ಜೊತೆ ಹಳೇ ಕೈಪಿಡಿ ಇದ್ದೇ ಇದೆ. ಹೊಸ ಡ್ರೈವರಿನ ಜೊತೆ ಅದನ್ನೇ ಕೊಟ್ರೆ ಹೇಗೆ?"

ಆ "ಇರಲಿ ಬಿಡು" ಎಂಬುದು ನಮ್ಮ ಬ್ಯಾಂಕಿನ ಮಾತೂ ಹೌದು. ಮೂವತ್ತೈದು ವರ್ಷದ ನೌಕರಿಯಲ್ಲಿ ಹೊಸ ಸುತ್ತೋಲೆ ಬಂದದ್ದು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಹಳೆಯದನ್ನು ಕಿತ್ತು ಹೊರಗಿಟ್ಟದ್ದು ನೋಡಿದ್ದು ಕೈಬೆರಳಲ್ಲಿ ಎಣಿಸಬಹುದು.

ಈಗ ಆ ಡಿಸೀಸ್ಡ್ ಕ್ಲೇಮಿನ ವಿಷಯ. ಇದನ್ನು ನಾನು ಮನೆಯಲ್ಲಿ ಕೂಡ ಈವರೆಗೆ ಹೇಳಿರಲಿಲ್ಲ.

2006ರಲ್ಲಿ ನಾನು ಮುಂಬಯಿಯ ಒಂದು ಶಾಖೆಯಲ್ಲಿ ಆಫೀಸರ್ ಆಗಿದ್ದೆ. ಒಂದು ದಿನ ಒಬ್ಬ ಹೆಂಗಸು ಬಂದರು. ನಲವತ್ತರ ಸುಮಾರು. ಗಂಡ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸದಲ್ಲಿದ್ದವರು ತೀರಿಹೋಗಿದ್ದರು. ಉಳಿತಾಯ ಖಾತೆಯಲ್ಲಿ ಮೂವತ್ತೆಂಟು ಸಾವಿರದಷ್ಟು ಹಣ. ನಾಮಿನೇಶನ್ ಆಕೆಯ ಹೆಸರಿಗೇ ಇತ್ತು. ಹರಕು ಮುರುಕು ಹಿಂದಿಯಲ್ಲಿ ಶುರು ಮಾಡಿದವರು ನನ್ನ ಮೇಜಿನ ಮೇಲಿನ ಹೆಸರು ಓದಿ, "ನೀವು ಕನ್ನಡದವರಾ?" ಎಂದರು. ಹೌದು ಅಂದೆ. ಕುಂದಾಪುರದ ಕಡೆಯವರು ಎಂದು ಗೊತ್ತಾಯಿತು. ಮುಖದಲ್ಲಿ ಎಷ್ಟು ನೆಮ್ಮದಿ! ಊರು ಬಿಟ್ಟು ಇರುವ ನಿಮಗೆ ಅದನ್ನು ನಾನು ವಿವರಿಸಬೇಕಿಲ್ಲ. ಆಫೀಸಿನಲ್ಲಿ ನಮ್ಮ ಭಾಷೆಯವರೊಬ್ಬರು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ ಅಲ್ಲವೇ.

ನನ್ನ ಮೇಜಿನ ಗಾಜಿನ ಕೆಳಗೆ ಒಂದು ಟೈಪ್ ಮಾಡಿದ ಪಟ್ಟಿ ಇತ್ತು. ಹಿಂದಿನ ಆಫೀಸರ್ ಇಟ್ಟದ್ದೋ ಅವರ ಹಿಂದಿನವರೋ. ಮರಣ ಪತ್ರ, ಗುರುತಿನ ದಾಖಲೆ, ಸ್ಟ್ಯಾಂಪ್ ಪೇಪರಿನ ಮೇಲೆ ಇಂಡೆಮ್ನಿಟಿ ಬಾಂಡ್, ಇಬ್ಬರು ಜಾಮೀನುದಾರರು, ಎಲ್ಲ ವಾರಸುದಾರರ ಒಪ್ಪಿಗೆ ಪತ್ರ. ನಾನು ಅದನ್ನು ಓದಿ ಕನ್ನಡದಲ್ಲಿ ಚೆನ್ನಾಗಿ ವಿವರಿಸಿದೆ. ಒಂದು ಚೀಟಿಯಲ್ಲಿ ಬರೆದೂ ಕೊಟ್ಟೆ. ಆಕೆ ಒಂದು ಪ್ರಶ್ನೆ ಕೇಳಲಿಲ್ಲ. "ನಮ್ಮ ಊರಿನವರು ನೀವು, ನೀವು ಹೇಳಿದ್ದು ಸರಿಯೇ ಇರ್ತದೆ" ಎಂದರು.

ಅತ್ತೆಯ ಹೆಬ್ಬೆಟ್ಟಿಗಾಗಿ ಊರಿಗೆ ಹೋಗಿ ಬಂದರು. ಜಾಮೀನಿಗೆ ಇಬ್ಬರನ್ನು ಹುಡುಕಲು ಗಂಡನ ಜೊತೆ ಕೆಲಸ ಮಾಡಿದವರ ಮನೆ ಮನೆ ತಿರುಗಿದರು. ಒಬ್ಬ ಒಪ್ಪಿ ಕೊನೆಯಲ್ಲಿ ಹಿಂದೆ ಸರಿದ. ಹೆಚ್ಚುಕಡಿಮೆ ಮೂರು ತಿಂಗಳು. ನಡುವೆ ಬಾಡಿಗೆ ಕಟ್ಟಲು ಬಳೆ ಅಡವಿಟ್ಟರು ಎಂದು ಆಮೇಲೆ ತಿಳಿಯಿತು. ಹಣ ಖಾತೆಗೆ ಬಂದ ದಿನ ಒಂದು ಡಬ್ಬಿಯಲ್ಲಿ ಚಕ್ಕುಲಿ ತಂದು ನನ್ನ ಮೇಜಿನ ಮೇಲಿಟ್ಟರು. "ನೀವು ಇಲ್ಲದಿದ್ದರೆ ಆಗ್ತಿರಲಿಲ್ಲ" ಎಂದು ಕೈಮುಗಿದರು. ನಾನು ಹೆಮ್ಮೆಯಿಂದಲೇ ತೆಗೆದುಕೊಂಡೆ.

ಆರೇಳು ತಿಂಗಳ ಮೇಲೆ ನಮ್ಮ ತರಬೇತಿ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ಪಾಠ ಮಾಡುವವರು ರಿಸರ್ವ್ ಬ್ಯಾಂಕಿನ 2005ರ ಜೂನ್ 9ರ ಸುತ್ತೋಲೆ ಓದಿದರು. ನಾಮಿನಿ ಇದ್ದ ಖಾತೆಗೆ ವಾರಸುದಾರಿಕೆ ಪತ್ರ, ಇಂಡೆಮ್ನಿಟಿ ಬಾಂಡ್, ಜಾಮೀನು ಏನನ್ನೂ ಕೇಳಕೂಡದು, ಹಣ ಎಷ್ಟೇ ಇರಲಿ. ನಾಮಿನಿ ಯಾರೆಂದು ಖಾತ್ರಿ ಮಾಡಿಕೊಳ್ಳಿ, ಮರಣದ ದಾಖಲೆ ನೋಡಿ, ಕೋರ್ಟಿನ ತಡೆ ಇಲ್ಲವೆಂದು ನೋಡಿ, ವಾರಸುದಾರರ ಪರವಾಗಿ ಪಡೆಯುತ್ತಿದ್ದೀರಿ ಎಂದು ನಾಮಿನಿಗೆ ತಿಳಿಸಿ, 15 ದಿನದೊಳಗೆ ಹಣ ಕೊಡಿ. ಇಷ್ಟೇ.

ಅಂದರೆ ಆಕೆ ನನ್ನ ಮೇಜಿನ ಎದುರು ಕೂತಾಗ ಆ ಸುತ್ತೋಲೆಗೆ ವರ್ಷವಾಗುತ್ತಾ ಬಂದಿತ್ತು.

ಶಾಖೆಗೆ ಮರಳಿ ಫೈಲು ತೆಗೆದೆ. ಸುತ್ತೋಲೆ ಅಲ್ಲೇ ಇತ್ತು, ತೂತು ಹಾಕಿ, ಕ್ರಮವಾಗಿ. ಮೂಲೆಯಲ್ಲಿ ಓದಿದವರ ಇನಿಷಿಯಲ್‌ಗಳು. ಅದರಲ್ಲಿ ಒಂದು ನನ್ನದೇ.

ಬ್ಯಾಂಕಿನವರು ಹೊಸದನ್ನು ಸೇರಿಸಿದ್ದರು. ಹಳೆಯದನ್ನು ನಾನು ತೆಗೆದಿರಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಕೈ ಹೋಗುವುದು ಫೈಲಿಗಲ್ಲ, ಗಾಜಿನ ಕೆಳಗಿನ ಪಟ್ಟಿಗೆ. ಇಷ್ಟಾದ ಮೇಲಾದರೂ ಪಟ್ಟಿ ಕಿತ್ತೆನೋ? ಇಲ್ಲ. ಸುತ್ತೋಲೆಯ ಝೆರಾಕ್ಸ್ ತೆಗೆದು ಗಾಜಿನ ಕೆಳಗೆ ಅದರ ಪಕ್ಕದಲ್ಲೇ ಇಟ್ಟೆ! ಯಾರೋ ಹಿರಿಯರು ಇಟ್ಟದ್ದು, ಯಾವುದಕ್ಕಾದರೂ ಬೇಕಾದೀತು ಎಂದು. ವರ್ಗವಾಗಿ ಹೋಗುವಾಗ ಎರಡೂ ಅಲ್ಲೇ ಇದ್ದವು. ನನ್ನ ನಂತರ ಆ ಕುರ್ಚಿಯಲ್ಲಿ ಕೂತವರು ಯಾವುದನ್ನು ಓದಿ ಹೇಳಿದರೋ, ಎಷ್ಟು ಜನರಿಗೆ ಹೇಳಿದರೋ.

ಆಕೆಯನ್ನು ಮತ್ತೆ ನೋಡಲಿಲ್ಲ. ವಿಳಾಸದ ಕೋಣೆ ಖಾಲಿಯಾಗಿತ್ತು. ಚಕ್ಕುಲಿ ಡಬ್ಬಿ ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು. ನನ್ನ ಹೆಂಡತಿ ಅದರಲ್ಲಿ ಜೀರಿಗೆ ಹಾಕಿಡುತ್ತಾಳೆ.

ಇದನ್ನೆಲ್ಲ ಶನಿವಾರ ಸಂಜೆ ಮಗಳಿಗೆ ಹೇಳಿದೆ. ಅವಳು ಸಮಾಧಾನ ಏನೂ ಹೇಳಲಿಲ್ಲ. "ಆ ಹುಡುಗನೂ ನನಗೆ ಥ್ಯಾಂಕ್ಸ್ ಹೇಳಿದ ಪಪ್ಪಾ" ಎಂದಳು ಅಷ್ಟೆ.

ರಾತ್ರಿ ಕೂತು ಕೆಲಸ ಮುಗಿಸಿದಳು. ತೆಗೆದ ಸಾಲುಗಳ ಮುಂದೆ ಕಂಪ್ಯೂಟರ್ ಒಂದೊಂದು ಮೈನಸ್ ಗುರುತು ಹಾಕಿ ತೋರಿಸುತ್ತದೆ. ಪರದೆ ತುಂಬ ಮೈನಸ್. ಅವರು ಬಳಸುವುದು ಗಿಟ್ ಎಂಬ ವ್ಯವಸ್ಥೆ, 2005ರಲ್ಲಿ ಟೋರ್ವಾಲ್ಡ್ಸ್ ಅವರೇ ಲಿನಕ್ಸಿಗಾಗಿ ಮಾಡಿಕೊಂಡದ್ದು. ಅದರಲ್ಲಿ ತೆಗೆದದ್ದು ಕಳೆದುಹೋಗುವುದಿಲ್ಲ. ಯಾವಾಗ, ಯಾರು, ಏನನ್ನು ತೆಗೆದರು ಎಂದು ಹಿಂದೆ ಹೋಗಿ ನೋಡಬಹುದು. ನಮ್ಮ ಲೆಡ್ಜರಿನ ನಿಯಮವೂ ಇದೇ ಅಲ್ಲವೇ? ರಬ್ಬರಿನಿಂದ ಉಜ್ಜಬಾರದು, ಬಿಳಿ ಬಣ್ಣ ಬಳಿಯಬಾರದು. ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಇನಿಷಿಯಲ್ ಹಾಕಬೇಕು.

ಜೊತೆಗೆ ಕಾರಣವನ್ನೂ ಬರೆಯಬೇಕು. ಲಿನಕ್ಸಿಗೆ ಬದಲಾವಣೆ ಕಳಿಸುವವರು ಏನು ಮಾಡಿದೆ ಎನ್ನುವುದಕ್ಕಿಂತ ಯಾಕೆ ಮಾಡಿದೆ ಎಂದು ಬರೆಯಬೇಕಂತೆ, ಕೆಳಗೆ ತಮ್ಮ ಹೆಸರಿನ ಸೈನ್ಡ್ ಆಫ್ ಸಾಲು ಇರಬೇಕಂತೆ. ಇವಳ ಆಫೀಸಿನಲ್ಲೂ ಅದೇ ಪದ್ಧತಿ. ಇವಳು ಬರೆದದ್ದನ್ನು ನನಗೆ ಓದಿ ಹೇಳಿದಳು. ಈ ಹೆಸರುಗಳು ಇಂತಿಂಥ ಆವೃತ್ತಿಯಲ್ಲಿ ಹೋಗಿವೆ, ಕೈಪಿಡಿ ಇನ್ನೂ ಅವನ್ನು ಬಳಸಲು ಹೇಳುತ್ತಿದೆ, ಹೊಸಬರು ದಾರಿ ತಪ್ಪುತ್ತಾರೆ, ಆದ್ದರಿಂದ ತೆಗೆದಿದ್ದೇನೆ. ನಾಲ್ಕೇ ಸಾಲು, ಕೆಳಗೆ ಅವಳ ಹೆಸರು. ನಮ್ಮ ಬ್ಯಾಂಕಿನಲ್ಲಿ ಸೇರಿಸಿದ್ದಕ್ಕೆ ಸಹಿ ಹಾಕಿದವರಿದ್ದಾರೆ, ತೆಗೆದದ್ದಕ್ಕೆ ಹೀಗೆ ಕಾರಣ ಬರೆದು ಸಹಿ ಹಾಕಿದವರನ್ನು ಕಂಡದ್ದು ಕಡಿಮೆ.

ಕಂಡದ್ದೇ ಇಲ್ಲ ಎನ್ನುವ ಹಾಗಿಲ್ಲ. 2025ರ ನವೆಂಬರ್ 28ರಂದು ರಿಸರ್ವ್ ಬ್ಯಾಂಕು ತನ್ನ ನಿಯಮಗಳನ್ನೆಲ್ಲ 244 ನಿರ್ದೇಶನಗಳಾಗಿ ಒಟ್ಟುಗೂಡಿಸಿ 9,445 ಹಳೆಯ ಸುತ್ತೋಲೆಗಳನ್ನು ಹಿಂತೆಗೆದುಕೊಂಡಿತು. ಸುದ್ದಿ ಓದಿದ ದಿನ ನಮ್ಮಲ್ಲಿ ಕೆಲವರು ಗೊಣಗಿದರು. ಇನ್ನು ಯಾವುದನ್ನು ನೋಡುವುದು, ಹಳೆಯದು ಬಾಯಿಪಾಠ ಇತ್ತಲ್ಲ ಎಂದು. ನನಗೆ ಮಾತ್ರ ಆ ಗಾಜಿನ ಕೆಳಗಿನ ಪಟ್ಟಿ ನೆನಪಾಯಿತು. ದೆಹಲಿಯಲ್ಲೋ ಮುಂಬಯಿಯ ಕೋಟೆ ಭಾಗದಲ್ಲೋ ಕೂತವರು ಸುತ್ತೋಲೆ ಹಿಂತೆಗೆದುಕೊಳ್ಳಬಹುದು. ಮೇಜಿನ ಗಾಜು ಎತ್ತಬೇಕಾದವರು ನಾವೇ.

ಸೋಮವಾರ ಶಾಖೆಗೆ ಅರ್ಧ ಗಂಟೆ ಮೊದಲು ಹೋದೆ. ಗೋಡೆಯ ಬೋರ್ಡು ನೋಡುತ್ತಾ ನಿಂತೆ. ಚೆಕ್ಕು ಇಷ್ಟು ಗಂಟೆಯೊಳಗೆ ಹಾಕಿದರೆ ಮರುದಿನ ಹಣ ಎಂಬ ಚೀಟಿ ಇನ್ನೂ ಇತ್ತು. 2025ರ ಅಕ್ಟೋಬರ್ 4ರಿಂದ ಚೆಕ್ ಕ್ಲಿಯರಿಂಗ್ ಪದ್ಧತಿಯೇ ಬದಲಾಗಿದೆ, ಬೆಳಗ್ಗೆ ಹಾಕಿದ್ದು ದಿನವಿಡೀ ಸಾಗುತ್ತಿರುತ್ತದೆ. ಹೊಸ ಚೀಟಿಯೂ ಅಂಟಿಸಿದ್ದರು, ಹಳೆಯದರ ಪಕ್ಕದಲ್ಲಿ. ಹಳೆಯದನ್ನು ಕಿತ್ತೆ. ಕೌಂಟರಿನ ಹುಡುಗಿ, "ಸರ್, ಅದು ಇರಲಿ ಅಂತ ಬಿಟ್ಟಿದ್ದೆವು" ಎಂದು ಮರಾಠಿಯಲ್ಲಿ ಹೇಳಿದಳು. ಬೇಡ ಎಂದೆ. ಚೀಟಿಯ ಹಿಂದೆ ತಾರೀಕು, ಯಾಕೆ ತೆಗೆದೆ ಎಂಬ ಒಂದು ಸಾಲು, ಇನಿಷಿಯಲ್ ಹಾಕಿ ಫೈಲಿಗೆ ಸೇರಿಸಿದೆ. ಆಮೇಲೆ ಒಬ್ಬೊಬ್ಬರ ಮೇಜಿನ ಗಾಜು ಎತ್ತಿಸಿದೆ. ಅಡಿಯಲ್ಲಿ ಸಿಕ್ಕಿದ್ದನ್ನು ಬರೆದರೆ ಇನ್ನೊಂದು ಲೇಖನವಾದೀತು :)

ಇಪ್ಪತ್ತು ವರ್ಷ ತಡವಾಯಿತು. ಅದು ನನಗೆ ಗೊತ್ತು.

ಮಗಳ ಬದಲಾವಣೆಗೆ ಇನ್ನೂ ಅವರ ದೊಡ್ಡವರ ಒಪ್ಪಿಗೆ ಬಂದಿಲ್ಲ. ಒಂದು ಹೆಸರಿನ ಬಗ್ಗೆ ಪ್ರಶ್ನೆ ಕೇಳಿದ್ದಾರಂತೆ, ಉತ್ತರ ಕೊಟ್ಟಿದ್ದಾಳೆ. ಆ ಹೊಸ ಹುಡುಗ ತಾನಾಗಿಯೇ ಇನ್ನೂ ಎರಡು ಸತ್ತ ಹೆಸರು ಹುಡುಕಿ ಕೊಟ್ಟಿದ್ದಾನೆ ಎಂದು ನಿನ್ನೆ ಫೋನಿನಲ್ಲಿ ಹೇಳಿದಳು.

ನಿಮ್ಮ ಮೇಜಿನ ಗಾಜಿನ ಕೆಳಗೆ ಏನಿದೆ? ಒಮ್ಮೆ ಎತ್ತಿ ನೋಡಿ.